ನಾಯ್ಸ್ ಎಂದರೇನು? ಪುಟ್ಟ ಕ್ಯಾಮೆರಾದ ಚಿತ್ರವನ್ನು ಅಳೆಯುವ ಬಗೆ

ಜೇಬಿನಲ್ಲಿ ಹಿಡಿಯುವಂಥ ಡಿಜಿಟಲ್ ಕ್ಯಾಮೆರಾದ ವಿಮರ್ಶೆ ಯಾವುದನ್ನೇ ಓದಿ, ‘ಐಎಸ್‌ಒ 800 ದಾಟಿದರೆ ನಾಯ್ಸ್ ಜಾಸ್ತಿ’ ಎಂಬ ಮಾತು ಬಂದೇ ಬರುತ್ತದೆ. (ಸಿಕ್ಕ ಬೆಳಕನ್ನು ಕ್ಯಾಮೆರಾ ಎಷ್ಟು ಹಿಗ್ಗಿಸಿ ತೋರಿಸಬೇಕು ಎಂದು ಹೇಳುವ ಸೆಟ್ಟಿಂಗೇ ಐಎಸ್‌ಒ.) ಎದುರಿಗಿರುವ ವಸ್ತುವಿನಲ್ಲಿ ಇಲ್ಲದೆ, ಫೋಟೋದಲ್ಲಿ ಮಾತ್ರ ಕಾಣುವ ಕಾಳುಕಾಳು ಚುಕ್ಕಿಗಳೇ ನಾಯ್ಸ್. ಸಂಜೆ ಲೈಟ್ ಹಾಕುವ ಮುಂಚೆ ಮನೆಯೊಳಗಿನ ಗೋಡೆಯ ಒಂದು ಫೋಟೋ ತೆಗೆದು, ಕಂಪ್ಯೂಟರಿನಲ್ಲಿ ದೊಡ್ಡದು ಮಾಡಿ ನೋಡಿ. ಗೋಡೆಗೆ ಬಳಿದಿರುವುದು ಒಂದೇ ಬಣ್ಣ. ಚಿತ್ರದಲ್ಲಿ ಮಾತ್ರ ಒಂದು ಚುಕ್ಕಿ ಸ್ವಲ್ಪ ಕಪ್ಪು, ಪಕ್ಕದ್ದು ಸ್ವಲ್ಪ ಬಿಳುಪು. ಅಲ್ಲಲ್ಲಿ ಹಸಿರು, ನೇರಳೆ ಬಣ್ಣದ ಕಲೆಗಳು ಬೇರೆ. ಬರೀ ಕಪ್ಪು-ಬಿಳುಪಿನ ಕಾಳುಗಳನ್ನು ಕಣ್ಣು ಹೇಗೋ ಸಹಿಸಿಕೊಳ್ಳುತ್ತದೆ. ಬಣ್ಣದ ಕಲೆಗಳು ಮುಖದ ಮೇಲೆ ಬಂದರೆ ಫೋಟೋ ಕೆಟ್ಟಿತು ಅಂತಲೇ ಲೆಕ್ಕ.

ಇದಕ್ಕೆ ಮೊದಲ ಕಾರಣ ಬೆಳಕೇ. ಬೆಳಕು ಬಂದು ಬೀಳುವುದು ಫೋಟಾನ್ ಎಂಬ ಬಿಡಿಬಿಡಿ ಕಣಗಳಾಗಿ, ಅದೂ ಒಂದು ಕ್ರಮವಿಲ್ಲದೆ. ಗೋಡೆಯ ಒಂದೇ ಭಾಗವನ್ನು ನೋಡುತ್ತಿರುವ ಅಕ್ಕಪಕ್ಕದ ಎರಡು ಬೆಳಕು ಹಿಡಿಯುವ ಪುಟ್ಟ ಕೋಶಗಳಿಗೆ, ಅಂದರೆ ಪಿಕ್ಸೆಲ್‌ಗಳಿಗೆ ಸರಾಸರಿ 100 ಫೋಟಾನ್ ಸಿಗುವಂತಿದ್ದರೂ ಒಂದಕ್ಕೆ 92, ಇನ್ನೊಂದಕ್ಕೆ 109 ಸಿಗಬಹುದು. ಈ ಏರುಪೇರು ಸುಮಾರಾಗಿ ಆ ಸಂಖ್ಯೆಯ ವರ್ಗಮೂಲದಷ್ಟಿರುತ್ತದೆ. 100 ಫೋಟಾನ್‌ಗೆ 10, ಅಂದರೆ ಶೇ 10. ಅದೇ 10,000 ಫೋಟಾನ್ ಬಿದ್ದರೆ ಏರುಪೇರು 100, ಅಂದರೆ ಶೇ 1 ಮಾತ್ರ. ಬೆಳಕು ಹೆಚ್ಚಿದ್ದಾಗ ಚಿತ್ರ ನುಣುಪಾಗಿ ಬರುವುದು, ಕತ್ತಲಲ್ಲಿ ಕಾಳು ಕಾಳಾಗುವುದು ಇದೇ ಲೆಕ್ಕದಿಂದ. ಸೆನ್ಸರಿನ, ಅಂದರೆ ಬೆಳಕು ಹಿಡಿಯುವ ಚಿಪ್ಪಿನ, ವಿದ್ಯುತ್ ಭಾಗಗಳೂ ತಮ್ಮ ಪಾಲಿನ ಒಂದಿಷ್ಟು ನಾಯ್ಸ್ ಸೇರಿಸುತ್ತವೆ. ನೆರಳಿನ ಭಾಗಗಳಲ್ಲಿ ಅದು ಎದ್ದು ಕಾಣುತ್ತದೆ.

ಐಎಸ್‌ಒ ಏರಿಸಿದರೆ ಬೆಳಕು ಹೆಚ್ಚಾಗುತ್ತದೆ ಅಂತ ಸುಮಾರು ಜನ ಅಂದುಕೊಂಡಿದ್ದಾರೆ. ಹೆಚ್ಚಾಗುವುದಿಲ್ಲ. ಸಿಕ್ಕ ಅಷ್ಟಿಷ್ಟು ಬೆಳಕನ್ನೇ ಕ್ಯಾಮೆರಾ ಹಿಗ್ಗಿಸಿ ತೋರಿಸುತ್ತದೆ, ಜೊತೆಗೆ ಏರುಪೇರೂ ಹಿಗ್ಗುತ್ತದೆ.

ಪುಟ್ಟ ಕ್ಯಾಮೆರಾಗಳ ಕಷ್ಟ ಶುರುವಾಗುವುದು ಸೆನ್ಸರಿನ ಅಳತೆಯಿಂದ. ಕಡಿಮೆ ಬೆಲೆಯ ಬಹಳಷ್ಟು ಕಂಪ್ಯಾಕ್ಟ್‌ಗಳಲ್ಲಿ ಇರುವುದು 1/2.3 ಇಂಚು ಎಂದು ಕರೆಯುವ ಸೆನ್ಸರ್. ಅದರ ಅಗಲ ಸುಮಾರು 6.2 ಮಿಲಿಮೀಟರ್, ಎತ್ತರ 4.6 ಮಿಲಿಮೀಟರ್. ಕಿರುಬೆರಳಿನ ಉಗುರಿಗಿಂತ ಚಿಕ್ಕದು. ಒಂದಿಂಚಿನ ಸೆನ್ಸರ್ ಎನ್ನುವುದು 13.2 ಮಿ.ಮೀ. ಅಗಲ, 8.8 ಮಿ.ಮೀ. ಎತ್ತರ. (ಯಾವ ಕಡೆಯಿಂದ ಅಳೆದರೂ ಒಂದಿಂಚು ಸಿಗುವುದಿಲ್ಲ. ಹಳೇ ಟಿವಿ ಕ್ಯಾಮೆರಾಗಳ ಟ್ಯೂಬಿನ ಹೊರ ಅಳತೆಯಿಂದ ಉಳಿದುಬಂದ ಲೆಕ್ಕ ಇದು.) ವಿಸ್ತೀರ್ಣ ನೋಡಿದರೆ ಎರಡನೆಯದು ಮೊದಲನೆಯದರ ನಾಲ್ಕು ಪಟ್ಟು. 2012ರಲ್ಲಿ ಸೋನಿಯ ಆರ್‌ಎಕ್ಸ್100 ಅಷ್ಟು ಸುದ್ದಿಯಾದದ್ದು ಇದಕ್ಕೇ: ಜೇಬಿಗೆ ಹೋಗುವ ಮೈಯೊಳಗೆ ಒಂದಿಂಚಿನ ಸೆನ್ಸರ್ ಕೂರಿಸಿದ್ದರು.

ಇಷ್ಟು ಚಿಕ್ಕ ಜಾಗದಲ್ಲಿ ಹೆಚ್ಚು ಹೆಚ್ಚು ಮೆಗಾಪಿಕ್ಸೆಲ್ ತುರುಕಿದರೆ ಒಂದೊಂದು ಪಿಕ್ಸೆಲ್ಲಿನ ಪಾಲಿಗೆ ಬರುವ ಬೆಳಕು ಕಡಿಮೆಯಾಗುತ್ತದೆ. ಆದರೂ ಡಬ್ಬದ ಮೇಲೆ ದೊಡ್ಡ ಅಕ್ಷರದಲ್ಲಿ ಬರೆಯಲು ಆ ಸಂಖ್ಯೆ ಬೇಕು, ಅಲ್ವಾ? ಆ ಪೈಪೋಟಿಯಲ್ಲಿ ಒಂದು ಕಂಪನಿ ಹಿಂದಕ್ಕೆ ಹೆಜ್ಜೆ ಇಟ್ಟ ಉದಾಹರಣೆಯೂ ಇದೆ. ಕ್ಯಾನನ್ 2008ರಲ್ಲಿ ಪವರ್‌ಶಾಟ್ ಜಿ10 ತಂದಾಗ ಅದರಲ್ಲಿದ್ದದ್ದು 14.7 ಮೆಗಾಪಿಕ್ಸೆಲ್. ಮರುವರ್ಷ ಬಂದ ಜಿ11ರಲ್ಲಿ ಅದನ್ನು 10ಕ್ಕೆ ಇಳಿಸಿದರು. ಸೆನ್ಸರಿನ ಅಳತೆ ಎರಡರಲ್ಲೂ ಒಂದೇ, 1/1.7 ಇಂಚು. ಹೊಸ ಮಾಡೆಲ್ಲಿನಲ್ಲಿ ಮೆಗಾಪಿಕ್ಸೆಲ್ ಕಡಿಮೆ ಮಾಡಿ, ಮಂದ ಬೆಳಕಿನಲ್ಲಿ ಚಿತ್ರ ಚೆನ್ನಾಗಿ ಬರುತ್ತದೆ ಎಂದು ಹೇಳಿ ಮಾರುವುದು ಆಗ ಸಣ್ಣ ಧೈರ್ಯವೇನೂ ಆಗಿರಲಿಲ್ಲ.

ಇಲ್ಲಿಯವರೆಗಿನದು ಸುಲಭದ ಭಾಗ. ಫೋಟೋದಲ್ಲಿ ಕಾಳು ಕಾಣಲಿಲ್ಲ ಅಂದ ಮಾತ್ರಕ್ಕೆ ಕ್ಯಾಮೆರಾ ಒಳ್ಳೆಯದು ಎನ್ನುವಂತಿಲ್ಲ. ನಾವು ನೋಡುವ ಜೆಪೆಗ್ ಫೈಲು ಸೆನ್ಸರಿನಿಂದ ನೇರವಾಗಿ ಬಂದದ್ದಲ್ಲ. ಮಧ್ಯದಲ್ಲಿ ಕ್ಯಾಮೆರಾದ ಪ್ರೊಸೆಸರ್ ಕೂತು ನಾಯ್ಸ್ ರಿಡಕ್ಷನ್ ಮಾಡಿರುತ್ತದೆ. ಯಾವ ಚುಕ್ಕಿ ನಾಯ್ಸ್, ಯಾವುದು ನಿಜವಾದ ವಿವರ ಅಂತ ಅದಕ್ಕೆ ಖಚಿತವಾಗಿ ಗೊತ್ತಾಗುವುದಿಲ್ಲ. ಮೊರದಲ್ಲಿ ಅಕ್ಕಿ ಕೇರುವಾಗ ಕೈ ಜೋರಾದರೆ ತೌಡಿನ ಜೊತೆ ನುಚ್ಚೂ ಹಾರಿಹೋಗುತ್ತದಲ್ಲ, ಹಾಗೇ. ಕಾಳಿನ ಜೊತೆಗೆ ತಲೆಗೂದಲಿನ ಎಳೆಗಳು, ಸ್ವೆಟರಿನ ಹೆಣಿಗೆ, ದೂರದ ಮರದ ಎಲೆಗಳು ಎಲ್ಲವೂ ಒರೆಸಿಹೋಗುತ್ತವೆ. ಐಎಸ್‌ಒ 1600ರಲ್ಲಿ ತೆಗೆದ ಮಗುವಿನ ಮುಖ ಮೇಣದ ಗೊಂಬೆಯಂತೆ ಕಂಡರೆ ಅದು ಈ ಕೆಲಸವೇ. ಕಣ್ಣಿನ ರೆಪ್ಪೆಗಳು ಮಾತ್ರ ಚೂಪಾಗಿ ಉಳಿದಿರುತ್ತವೆ. ಬೆಳಕು-ಕತ್ತಲೆ ಥಟ್ಟನೆ ಬದಲಾಗುವ ಅಂಚುಗಳನ್ನು ಪ್ರೊಸೆಸರ್ ಗುರುತು ಹಿಡಿದು ಕಾಪಾಡುತ್ತದೆ. ಕೆನ್ನೆಯ ಮೇಲಿನ ನವಿರು ಕೂದಲನ್ನು ಕಾಪಾಡುವುದಿಲ್ಲ.

ನನ್ನನ್ನು ಕೇಳಿದರೆ ಸ್ವಲ್ಪ ಕಾಳು ಇರುವ ಫೋಟೋನೇ ವಾಸಿ. ಕಾಳನ್ನು ಆಮೇಲೆ ಕಂಪ್ಯೂಟರಿನಲ್ಲಿ ಕಡಿಮೆ ಮಾಡಬಹುದು. ಒರೆಸಿಹೋದ ಕೂದಲು ವಾಪಸ್ ಬರುವುದಿಲ್ಲ.

ಪ್ರಯೋಗಾಲಯಗಳಿಗೂ ಇದೇ ತಲೆನೋವು. ಚಿತ್ರ ಎಷ್ಟು ಚೂಪು ಎಂದು ಅಳೆಯಲು ಐಎಸ್‌ಒ 12233 ಎಂಬ ಅಂತರರಾಷ್ಟ್ರೀಯ ಮಾನದಂಡ (ಇದು ಕ್ಯಾಮೆರಾದ ಐಎಸ್‌ಒ ಸೆಟ್ಟಿಂಗ್ ಅಲ್ಲ) 2000ದಲ್ಲೇ ಬಂದಿದೆ. ಗೆರೆಗಳು ಮತ್ತು ಓರೆಯಾದ ಕಪ್ಪು ಅಂಚುಗಳಿರುವ ಚಾರ್ಟ್ ಒಂದನ್ನು ಫೋಟೋ ತೆಗೆದು, ಅಂಚು ಎಷ್ಟು ಥಟ್ಟನೆ ಕಪ್ಪಿನಿಂದ ಬಿಳುಪಿಗೆ ತಿರುಗುತ್ತದೆ ಎಂದು ಲೆಕ್ಕ ಹಾಕುತ್ತಾರೆ. ನಾಯ್ಸ್ ಅಳೆಯಲು ಬೂದು ಬಣ್ಣದ ಚೌಕಗಳ ಚಾರ್ಟ್ ಸಾಕು, ಅದಕ್ಕೆ ಐಎಸ್‌ಒ 15739 ಇದೆ. ತೊಡಕು ಏನೆಂದರೆ, ಅಂಚನ್ನು ಚೂಪು ಮಾಡಿ, ಬೂದು ಚೌಕವನ್ನು ನುಣುಪು ಮಾಡುವ ಜಾಣ ಪ್ರೊಸೆಸರ್ ಎರಡರಲ್ಲೂ ಒಳ್ಳೆಯ ಅಂಕ ತೆಗೆದುಬಿಡುತ್ತದೆ. ಅದನ್ನು ಹಿಡಿಯಲೆಂದೇ ಇನ್ನೊಂದು ಚಾರ್ಟ್ ಮಾಡಿಕೊಂಡಿದ್ದಾರೆ. ಹೆಸರು ಡೆಡ್ ಲೀವ್ಸ್. ಬೇರೆ ಬೇರೆ ಗಾತ್ರದ, ಬೇರೆ ಬೇರೆ ಬಣ್ಣದ ಬಿಲ್ಲೆಗಳು ಒಂದರ ಮೇಲೊಂದು ಬಿದ್ದಿರುವ ಚಿತ್ರ ಅದು, ಮರದ ಕೆಳಗೆ ಉದುರಿದ ತರಗೆಲೆಗಳ ಹಾಗೆ. ಅದರಲ್ಲಿ ಬಣ್ಣದ ವ್ಯತ್ಯಾಸ ಬಹಳ ಕಡಿಮೆ ಇರುವ ಚಿಕ್ಕ ಚಿಕ್ಕ ಬಿಲ್ಲೆಗಳೂ ಇರುವುದರಿಂದ, ನಾಯ್ಸ್ ರಿಡಕ್ಷನ್ ಎಷ್ಟನ್ನು ನುಂಗಿತು ಎಂಬುದು ಬಯಲಾಗುತ್ತದೆ.

ಮನೆಯಲ್ಲಿ ಈ ಚಾರ್ಟ್‌ಗಳೇನೂ ಬೇಡ. ಒಂದು ದಿನಪತ್ರಿಕೆಯ ಹಾಳೆ, ತೆಂಗಿನ ನಾರು ಒಂದು ಹಿಡಿ, ಒಂದು ಟರ್ಕಿ ಟವೆಲ್, ಬೂದು ಬಣ್ಣದ ರಟ್ಟು, ಬಣ್ಣದ ದಾರದ ಉಂಡೆಗಳು ಇದ್ದರೆ ಸಾಕು. ಎಲ್ಲವನ್ನೂ ಮೇಜಿನ ಮೇಲೆ ಜೋಡಿಸಿ. ಕ್ಯಾಮೆರಾವನ್ನು ಟ್ರೈಪಾಡ್ ಮೇಲೆ, ಇಲ್ಲದಿದ್ದರೆ ಪುಸ್ತಕಗಳ ಅಟ್ಟಿಯ ಮೇಲೆ ಇಡಿ. ಬಟನ್ ಒತ್ತುವಾಗ ಅಲುಗದಂತೆ 2 ಸೆಕೆಂಡಿನ ಸೆಲ್ಫ್ ಟೈಮರ್ ಹಾಕಿ. ಫ್ಲಾಶ್ ಬೇಡ. ಐಎಸ್‌ಒ 100ರಿಂದ ಶುರು ಮಾಡಿ 200, 400, 800, 1600 ಹೀಗೆ ಒಂದೊಂದು ಫೋಟೋ ತೆಗೆಯಿರಿ. ಆಟೋ ಐಎಸ್‌ಒ ಇಟ್ಟರೆ ಪರೀಕ್ಷೆಗೆ ಅರ್ಥವೇ ಇಲ್ಲ.

ಬೆಳಕಿನ ಬಗ್ಗೆ ಒಂದು ಎಚ್ಚರಿಕೆ. ನಮ್ಮ ಮನೆಗಳ ಕರೆಂಟು 50 ಹರ್ಟ್ಸ್‌ನದು. ಚೋಕ್ ಇರುವ ಹಳೆಯ ಟ್ಯೂಬ್‌ಲೈಟ್, ಕೆಲವು ಅಗ್ಗದ ಎಲ್ಇಡಿ ಬಲ್ಬುಗಳು ಸೆಕೆಂಡಿಗೆ 100 ಸಲ ಮಿನುಗುತ್ತವೆ. ಶಟರ್ ತೆರೆದಿರುವ ಹೊತ್ತು (ಶಟರ್ ವೇಗ) 1/100 ಸೆಕೆಂಡಿಗಿಂತ ಕಡಿಮೆಯಾದರೆ ಒಂದು ಫೋಟೋ ಕಪ್ಪಗೆ, ಇನ್ನೊಂದು ಬೆಳ್ಳಗೆ ಬಂದು ಸುಮ್ನೆ ತಲೆ ಕೆಡುತ್ತದೆ. ಕೆಲವು ಕ್ಯಾಮೆರಾಗಳಲ್ಲಿ ಅಡ್ಡ ಪಟ್ಟೆಗಳೇ ಬೀಳುತ್ತವೆ. ಮೋಡವಿಲ್ಲದ ದಿನ, ನೇರ ಬಿಸಿಲು ಬೀಳದ ಕಿಟಕಿಯ ಪಕ್ಕ ಕೂತರೆ ಈ ರಗಳೆ ಇಲ್ಲ.

ಈಗ ನೋಡುವುದು ಹೇಗೆ? ಬೂದು ರಟ್ಟಿನಲ್ಲಿ ಕಾಳು ಹುಡುಕಿ. ನೆರಳಿರುವ ಮೂಲೆಯಲ್ಲಿ ಬಣ್ಣದ ಕಲೆ ಇದೆಯಾ ನೋಡಿ. ಆಮೇಲೆ ತೆಂಗಿನ ನಾರಿಗೆ ಬನ್ನಿ. ಐಎಸ್‌ಒ 100ರಲ್ಲಿ ಒಂದೊಂದು ಎಳೆಯೂ ಬೇರೆ ಬೇರೆ ಕಾಣುತ್ತಿರುತ್ತದೆ. ಮೇಲೆ ಹೋದ ಹಾಗೆ ಎರಡು ಮೂರು ಎಳೆ ಸೇರಿ ಒಂದಾಗುತ್ತವೆ, ಕೊನೆಗೆ ನಾರು ಹೋಗಿ ಕಂದು ಬಣ್ಣದ ಮುದ್ದೆ ಉಳಿಯುತ್ತದೆ. ಪತ್ರಿಕೆಯ ದಪ್ಪ ತಲೆಬರಹ 1600ರಲ್ಲೂ ಚೂಪಾಗೇ ಇರುತ್ತದೆ. ಅದನ್ನು ನೋಡಿ ಖುಷಿಪಡಬೇಡಿ, ಕಪ್ಪು-ಬಿಳುಪಿನ ಅಂಚು ಪ್ರೊಸೆಸರಿಗೆ ಸುಲಭದ ತುತ್ತು. ಸಣ್ಣ ಅಕ್ಷರದ ಒತ್ತುಗಳನ್ನು ನೋಡಿ. ಕನ್ನಡ ಪತ್ರಿಕೆ ಈ ಕೆಲಸಕ್ಕೆ ಇಂಗ್ಲಿಷಿನದಕ್ಕಿಂತ ಒಳ್ಳೆಯದು. ಯಒತ್ತು, ರಒತ್ತು, ಅರ್ಕಾವತ್ತುಗಳ ಒಳಗಿನ ಸಣ್ಣ ಖಾಲಿ ಜಾಗ ಮುಚ್ಚಿಕೊಳ್ಳುವುದು ಎಲ್ಲಿಂದ ಶುರು ಎಂದು ಗುರುತು ಮಾಡಿಕೊಳ್ಳಿ. ಅದರ ಹಿಂದಿನ ಐಎಸ್‌ಒ ಸಂಖ್ಯೆಯೇ ಆ ಕ್ಯಾಮೆರಾದಲ್ಲಿ ನೀವು ಧೈರ್ಯವಾಗಿ ಬಳಸಬಹುದಾದ ಮಿತಿ.

ಎರಡು ಕ್ಯಾಮೆರಾಗಳನ್ನು ಹೋಲಿಸುವಾಗ ಮೋಸ ಹೋಗುವುದು ಸುಲಭ. 20 ಮೆಗಾಪಿಕ್ಸೆಲ್ ಚಿತ್ರವನ್ನೂ 10 ಮೆಗಾಪಿಕ್ಸೆಲ್ ಚಿತ್ರವನ್ನೂ ಪೂರ್ತಿ ಹಿಗ್ಗಿಸಿ ನೋಡಿದರೆ ಮೊದಲನೆಯದಕ್ಕೆ ಅನ್ಯಾಯವಾಗುತ್ತದೆ. ಎರಡನ್ನೂ ಒಂದೇ ಅಳತೆಗೆ ತಂದು ನೋಡಬೇಕು. 2008ರಲ್ಲಿ ಶುರುವಾದ, ಕ್ಯಾಮೆರಾ ಪರೀಕ್ಷಿಸಿ ಅಂಕ ಕೊಡುವ ವೆಬ್‌ಸೈಟ್ ಡಿಎಕ್ಸ್ಒಮಾರ್ಕ್ ಕೂಡ ಸೆನ್ಸರ್ ಹೋಲಿಕೆಗೆ ಎಲ್ಲವನ್ನೂ 8 ಮೆಗಾಪಿಕ್ಸೆಲ್‌ಗೆ ಇಳಿಸಿ ಲೆಕ್ಕ ಹಾಕುತ್ತದೆ. ಫೈಲಿನ ಮಾಹಿತಿಯಲ್ಲಿ ಶಟರ್ ವೇಗ, ಅಪರ್ಚರ್ (ಲೆನ್ಸಿನೊಳಗೆ ಬೆಳಕು ಬರುವ ಕಿಂಡಿಯ ಅಳತೆ) ಎರಡನ್ನೂ ನೋಡಿ. ಒಂದೇ ಬೆಳಕು, ಒಂದೇ ಐಎಸ್‌ಒ, ಒಂದೇ ಅಪರ್ಚರ್ ಇಟ್ಟರೂ ಒಂದು ಕ್ಯಾಮೆರಾ 1/60 ಸೆಕೆಂಡು, ಇನ್ನೊಂದು 1/40 ಸೆಕೆಂಡು ತೆಗೆದುಕೊಂಡಿರಬಹುದು. ಚಿತ್ರಗಳು ಒಂದೇ ಸಮನಾಗಿ ಬೆಳಗಿದ್ದರೆ, ಎರಡನೆಯದು ಹೆಚ್ಚು ಬೆಳಕು ಕುಡಿದು ನುಣುಪಾಗಿದೆ ಅಷ್ಟೇ.

ರಾ ಫೈಲ್ (ಪ್ರೊಸೆಸರ್ ಕೈಯಾಡಿಸುವ ಮುಂಚಿನ, ಸೆನ್ಸರಿನ ಕಚ್ಚಾ ಮಾಹಿತಿ) ಕೊಡುವ ಕ್ಯಾಮೆರಾ ಆಗಿದ್ದರೆ ಅದರಲ್ಲೂ ಒಂದು ಸುತ್ತು ತೆಗೆದಿಡಿ. ಜೆಪೆಗ್‌ನಲ್ಲಿ ಮುದ್ದೆಯಾದ ನಾರು ರಾ ಫೈಲಿನಲ್ಲಿ ಕಾಳಿನ ನಡುವೆ ಇನ್ನೂ ಎಳೆಯಾಗೇ ಇದ್ದರೆ, ತಪ್ಪು ಸೆನ್ಸರಿನದಲ್ಲ, ಪ್ರೊಸೆಸರಿನದು. ಮೆನುವಿನಲ್ಲಿ ನಾಯ್ಸ್ ರಿಡಕ್ಷನ್ ಅನ್ನು ಕಡಿಮೆಗೆ ಇಳಿಸುವ ಸೌಲಭ್ಯ ಇದ್ದರೆ ಇಳಿಸಿ, ಇನ್ನೊಮ್ಮೆ ತೆಗೆಯಿರಿ. ಆಲ್ಬಮ್ಮಿಗೆ ಹಾಕುವ 4x6 ಇಂಚಿನ ಪ್ರಿಂಟಿಗೆ 1800x1200 ಪಿಕ್ಸೆಲ್, ಅಂದರೆ ಸುಮಾರು 2 ಮೆಗಾಪಿಕ್ಸೆಲ್ ಸಾಕು. ಆ ಅಳತೆಗೆ ಇಳಿದಾಗ ಅಕ್ಕಪಕ್ಕದ ಪಿಕ್ಸೆಲ್‌ಗಳ ಏರುಪೇರು ಒಂದಕ್ಕೊಂದು ಸರಿದೂಗಿ, ಐಎಸ್‌ಒ 1600ರ ಕಾಳೂ ಬಹುಪಾಲು ಕಾಣದಂತಾಗುತ್ತದೆ. ಗೋಡೆಗೆ ದೊಡ್ಡ ಫ್ರೇಮ್ ಹಾಕಿಸುವ ಆಸೆ ಇದ್ದವರು ಮಾತ್ರ ಐಎಸ್‌ಒ 100-200ರಲ್ಲೇ ಉಳಿದು, ಟ್ರೈಪಾಡ್ ಹೊತ್ತುಕೊಂಡು ಹೋಗುವುದು ಒಳ್ಳೆಯದು.