ಒಂದೇ ಗೇರಿನಲ್ಲಿ ಮೇಲೇರಲಿ

ಪುಣೆಯ ಹಡಪ್ಸರ್ ಗ್ಲೈಡಿಂಗ್ ಕೇಂದ್ರ ನೋಡಿಬಂದ ನಮ್ಮ ಕನ್ನಡದ ಹುಡುಗರಿಗೆ, ಅದರಲ್ಲೂ ಪಿಂಪ್ರಿ-ಚಿಂಚವಾಡದ ವಾಹನ ಕಾರ್ಖಾನೆಗಳಲ್ಲಿ ದುಡಿಯುವವರಿಗೆ, ಎಂಜಿನ್ನಿಲ್ಲದ ವಿಮಾನವಾದ ಗ್ಲೈಡರನ್ನು ಡ್ರಮ್ಮಿಗೆ ಹಗ್ಗ ಸುತ್ತಿ ಎಳೆದು ಮೇಲೇರಿಸುವ ವಿಂಚ್ ಯಂತ್ರವನ್ನು ತಾವೇ ಕಟ್ಟಬೇಕೆಂಬ ಹುಮ್ಮಸ್ಸು ಬರುತ್ತದೆ. ಬರಲಿ, ಒಳ್ಳೆಯದೇ. ಆದರೆ ಎಲ್ಲರೂ ಒಂದೇ ಕಡೆ ಎಡವುತ್ತಾರೆ: ಆಟೊಮ್ಯಾಟಿಕ್ ಗೇರ್‌ಬಾಕ್ಸ್ ಕೂರಿಸಿ ಲಿವರನ್ನು 'ಡಿ'ಯಲ್ಲಿ (ಡ್ರೈವ್) ಬಿಡುತ್ತಾರೆ. 'ಗೇರ್ ತಾನಾಗಿ ಬದಲಾಗಲಿ, ಅದಕ್ಕೇ ಅಲ್ಲವೇ ಆಟೊಮ್ಯಾಟಿಕ್ ಇರುವುದು?' ಎನ್ನುತ್ತಾರೆ. ಬೇಡ ಮಾರಾಯರೇ, ಬೇಡ.

ಎಳೆತದ ನಡುವೆ ಏನಾಗುತ್ತದೆ ನೋಡಿ. ಗ್ಲೈಡರ್ ಮೂತಿ ಎತ್ತಿ ಏರತೊಡಗಿದಂತೆ ಹಗ್ಗದ ವೇಗ ತಗ್ಗಬೇಕು. ವಿಂಚ್ ಚಾಲಕ ಆಕ್ಸಲರೇಟರ್ ಸಡಿಲಿಸುತ್ತಾನೆ. ಗೇರ್‌ಬಾಕ್ಸ್ ಇದನ್ನು ಹೆದ್ದಾರಿಯ ಸಮತಟ್ಟು ಎಂದುಕೊಂಡು ಮೇಲಿನ ಗೇರಿಗೆ ಜಿಗಿಯುತ್ತದೆ. ಎಳೆತ ಕುಗ್ಗುತ್ತದೆ. ನಲವತ್ತು ಡಿಗ್ರಿ ಮೂತಿಯೆತ್ತಿದ ಗ್ಲೈಡರಿನ ಗಾಳಿವೇಗ ಕ್ಷಣದಲ್ಲಿ ಬೀಳುತ್ತದೆ. ಚಾಲಕ ಗಾಬರಿಯಿಂದ ಒತ್ತಿದರೆ ಗೇರ್ ಮತ್ತೆ ಕೆಳಕ್ಕೆ ಇಳಿದು ಹಗ್ಗ ಜಗ್ಗುತ್ತದೆ, ಎಳೆತ ಮಿತಿಮೀರಿದರೆ ಮುರಿಯಲೆಂದೇ ಹಗ್ಗದಲ್ಲಿ ಹಾಕಿದ ಕೊಂಡಿ, ಅಂದರೆ ವೀಕ್ ಲಿಂಕ್, ತುಂಡಾಗುತ್ತದೆ. ಅದೂ ಆ ಎತ್ತರದಲ್ಲಿ, ಆ ಕೋನದಲ್ಲಿ.

ಹೊರೆ ಹೆಚ್ಚಿದಾಗ ತಿರುಚುಬಲ ಹೆಚ್ಚಿಸುವ ಕೆಲಸವನ್ನು ಟಾರ್ಕ್ ಕನ್ವರ್ಟರ್, ಅಂದರೆ ಎಂಜಿನ್ನಿನ ಬಲವನ್ನು ಎಣ್ಣೆಯ ಮೂಲಕ ಗೇರ್‌ಬಾಕ್ಸಿಗೆ ದಾಟಿಸುವ ಭಾಗ, ಮೆಟ್ಟಿಲಿಲ್ಲದೆ ಮಾಡುತ್ತದೆ. ಗೇರ್‌ಬಾಕ್ಸ್ ಬೇಕಿರುವುದು ಒಂದು ಅನುಪಾತಕ್ಕೆ ಮಾತ್ರ; ಅದನ್ನು ಒಂದೇ ಗೇರಿನಲ್ಲಿ ಹಿಡಿದಿಡಿ. ಕ್ಲಚ್ ಇರುವ ಗೇರ್‌ಬಾಕ್ಸ್ ಆದರೆ ಮೊದಲ ಮೂರ್ನಾಲ್ಕು ಸೆಕೆಂಡಿನ ಜಾರಾಟಕ್ಕೇ ಪ್ಲೇಟ್ ಸುಡುತ್ತದೆ, ಜೊತೆಗೆ ಜರ್ಕ್.

ಆ ಅನುಪಾತ ಯಾವುದು? 80 ಸೆಂಮೀ ವ್ಯಾಸದ ಡ್ರಮ್ ಒಂದು ಸುತ್ತಿಗೆ ಸುಮಾರು 2.5 ಮೀಟರ್ ಹಗ್ಗ ಎಳೆಯುತ್ತದೆ. ಸೆಕೆಂಡಿಗೆ 28 ಮೀಟರ್ ಬೇಕೆಂದರೆ 670 ಆರ್‌ಪಿಎಂ. ಎರಡು ಡ್ರಮ್ಮಿನ ಟ್ರಕ್ ಆಕ್ಸಲಿನಲ್ಲಿ ಒಂದನ್ನು ಬ್ರೇಕಿನಿಂದ ಹಿಡಿದರೆ ಇನ್ನೊಂದು ಇಮ್ಮಡಿ ವೇಗದಲ್ಲಿ ತಿರುಗುತ್ತದೆ; ಆಕ್ಸಲಿನ ಅನುಪಾತ 6.5 ಎಂದಿದ್ದದ್ದು 3.25 ಆಗುತ್ತದೆ. ಇದನ್ನು ಮರೆತು ಲೆಕ್ಕ ಹಾಕಿದವರು ಬಹಳ. ಮೂರು ಗೇರಿನ ಹಳೇ ಗೇರ್‌ಬಾಕ್ಸಿನ ಎರಡನೇ ಗೇರ್ 1.48 ಆದರೆ ಒಟ್ಟು 4.8, ಎಂಜಿನ್ ಸುಮಾರು 3,200 ಆರ್‌ಪಿಎಂ. ಕನ್ವರ್ಟರ್ ಜಾರುವುದರಿಂದ ಇನ್ನೂ ಸ್ವಲ್ಪ ಹೆಚ್ಚು. 400 ಕೆಜಿ ಬಲದ ಎಳೆತಕ್ಕೆ ಸೆಕೆಂಡಿಗೆ 25 ಮೀಟರ್ ವೇಗದಲ್ಲಿ ಹಗ್ಗದ ತುದಿಯಲ್ಲೇ 130 ಎಚ್‌ಪಿ ಬೇಕು. ಪುಣೆಯ ಎತ್ತರ, ಮೇ ತಿಂಗಳ ಬಿಸಿಲು, ಕನ್ವರ್ಟರಿನ ನಷ್ಟ ಸೇರಿಸಿ 200 ಎಚ್‌ಪಿಗಿಂತ ಕಡಿಮೆಯ ಎಂಜಿನ್ ನಾನಾದರೆ ಒಪ್ಪುವುದಿಲ್ಲ.

ಲಿವರನ್ನು '2'ರಲ್ಲಿ ಇಟ್ಟರೂ ಕೆಲವು ಗೇರ್‌ಬಾಕ್ಸ್ ಒಂದರಲ್ಲಿ ಹೊರಟು ಎರಡಕ್ಕೆ ಹೋಗುತ್ತವೆ. ಹಗ್ಗ ಬಿಚ್ಚಿದ ಡ್ರಮ್ಮನ್ನು ನಿಧಾನವಾಗಿ ತಿರುಗಿಸಿ ಎಂಜಿನ್, ಡ್ರಮ್ ಎರಡರ ಆರ್‌ಪಿಎಂ ಬರೆದುಕೊಳ್ಳಿ. ಎಲ್ಲಾದರೂ ಅನುಪಾತ ಥಟ್ಟನೆ ಜಿಗಿದರೆ ವಾಲ್ವ್ ಬಾಡಿ (ಎಣ್ಣೆಯ ಒತ್ತಡದಿಂದ ಗೇರ್ ಬದಲಿಸುವ ಭಾಗ) ಬಲ್ಲ ಮಿಸ್ತ್ರಿಯಿಂದ ಮಾರ್ಪಾಡು ಮಾಡಿಸಿ. ಅಲ್ಲಿಯವರೆಗೆ ಜನ ಕೂತ ಗ್ಲೈಡರ್ ಎಳೆಯಬೇಡಿ.

ಇನ್ನು ಕುರ್ಲಾದ ಗುಜರಿಯಿಂದ ತಂದ ಗೇರ್‌ಬಾಕ್ಸ್ ತಿಂಗಳಲ್ಲೇ ಸತ್ತರೆ ಗುಜರಿಯವರನ್ನು ಬಯ್ಯುವ ಮೊದಲು ಒಂದು ವಿಷಯ ನೋಡಿ. ಎಣ್ಣೆ ಪಂಪ್ ತಿರುಗುವುದು ಎಂಜಿನ್ ಓಡುವಾಗ ಮಾತ್ರ. ಎಂಜಿನ್ ಆರಿಸಿ ಜೀಪಿನಿಂದ ಹಗ್ಗವನ್ನು ಗ್ಲೈಡರಿನತ್ತ ಎಳೆದೊಯ್ದರೆ ಗೇರುಗಳು ಎಣ್ಣೆಯಿಲ್ಲದೆ ಉಲ್ಟಾ ತಿರುಗುತ್ತವೆ. ಡ್ರಮ್ಮಿಗೊಂದು ಡಾಗ್ ಕ್ಲಚ್ (ಹಲ್ಲುಗಳಿಂದ ಕೂಡಿಸಿ ಬಿಡಿಸುವ ಜೋಡಣೆ) ಹಾಕಿ, ಹಗ್ಗ ಎಳೆಯುವಾಗ ಬಿಡಿಸಿಡಿ. ವಿಂಚ್ ನಿಂತಲ್ಲೇ ನಿಲ್ಲುವುದರಿಂದ ಎಣ್ಣೆ ಕೂಲರಿಗೆ ಎದುರುಗಾಳಿ ಸಿಗುವುದಿಲ್ಲ. ಪ್ರತ್ಯೇಕ ಫ್ಯಾನ್ ಬೇಕೇ ಬೇಕು. ಡಿಪ್‌ಸ್ಟಿಕ್ಕಿನಲ್ಲಿ ಕೆಂಪು ಎಣ್ಣೆ ಕಂದಾಗಿ ಸುಟ್ಟ ವಾಸನೆ ಬಂದರೆ ಆ ದಿನದ ಎಳೆತ ನಿಲ್ಲಿಸಿ ಗೇರ್‌ಬಾಕ್ಸಿನ ತಳದ ಎಣ್ಣೆ ಪ್ಯಾನ್ ಬಿಚ್ಚಿ.