ಕಾಕಂಬಿಯಲ್ಲಿ ಬೆಳೆದ ಬ್ಯಾಕ್ಟೀರಿಯಾ, ಬೇರಿಗೆ ಬೇಕಾದ ಹಾರ್ಮೋನು

ಮಣ್ಣಿನಲ್ಲಿರುವ ಅನೇಕ ಬ್ಯಾಕ್ಟೀರಿಯಾಗಳು ಗಿಡದ ಬೇರು ಕವಲೊಡೆಯಲು ನೆರವಾಗುವ ಇಂಡೋಲ್ ಅಸಿಟಿಕ್ ಆಮ್ಲವೆಂಬ ಆಕ್ಸಿನ್ ಹಾರ್ಮೋನನ್ನು ತಾವೇ ತಯಾರಿಸುತ್ತವೆ. ದುಬಾರಿ ಪೋಷಕ ದ್ರಾವಣಗಳ ಬದಲು ಕಾಕಂಬಿ (ಸಕ್ಕರೆ ತಯಾರಿಕೆಯಲ್ಲಿ ಉಳಿಯುವ ಕಂದು ಪಾಕ), ಅಕ್ಕಿ ತೌಡು, ಕಡಲೆಕಾಯಿ ಹಿಂಡಿಗಳಲ್ಲಿ ಅವನ್ನು ಬೆಳೆಸಲು ಸಾಧ್ಯವಿದೆ. ಆದರೆ ಯಾವ ತ್ಯಾಜ್ಯ ಯಾವ ಜೀವಿಗೆ ಒಗ್ಗುತ್ತದೆ ಎಂಬುದನ್ನು ಮೊದಲು ನೋಡಿಕೊಳ್ಳಬೇಕು.

ಕಾಕಂಬಿಯ ತೂಕದಲ್ಲಿ ಹೆಚ್ಚುಕಡಿಮೆ ಅರ್ಧದಷ್ಟು ಸಕ್ಕರೆಯಿದ್ದು, ಅದರಲ್ಲಿ ಬಹುಪಾಲು ಸುಕ್ರೋಸ್. ಬ್ಯಾಸಿಲಸ್ ಸಬ್ಟಿಲಿಸ್ ಅದನ್ನು ಸಲೀಸಾಗಿ ಬಳಸಿಕೊಳ್ಳುತ್ತದೆ. ತೌಡಿನ ಪಿಷ್ಟವನ್ನು ಒಡೆಯುವ ಕಿಣ್ವವೂ ಅದರಲ್ಲಿದೆ. ಜೈವಿಕ ಗೊಬ್ಬರವಾಗಿ ಹೆಸರಾದ ಅಜೋಸ್ಪಿರಿಲಮ್ ಬ್ರಾಸಿಲೆನ್ಸ್‌ಗೆ ಸುಕ್ರೋಸ್ ದಕ್ಕದು. ಅದು ಬಯಸುವುದು ಮ್ಯಾಲಿಕ್ ಆಮ್ಲದಂತಹ ಸಾವಯವ ಆಮ್ಲಗಳನ್ನು. ಹಾಗಾಗಿ ಕಾಕಂಬಿಯಲ್ಲಿ ಅದು ಸರಿಯಾಗಿ ಬೆಳೆಯಲಿಲ್ಲವೆಂದು ತಂದ ಕಲ್ಚರನ್ನು (ಬೆಳೆಸಿಟ್ಟ ಬ್ಯಾಕ್ಟೀರಿಯಾವನ್ನು) ದೂರುವುದು ನ್ಯಾಯವಲ್ಲ.

ಬ್ಯಾಕ್ಟೀರಿಯಾ ಹುಲುಸಾಗಿ ಬೆಳೆದರೂ ಹಾರ್ಮೋನು ಕಡಿಮೆಯಿರಬಹುದು. ಅದರ ಮುಖ್ಯ ಕಚ್ಚಾವಸ್ತು ಟ್ರಿಪ್ಟೋಫ್ಯಾನ್ ಎಂಬ ಅಮೈನೋ ಆಮ್ಲ; ಹಿಂಡಿಯಲ್ಲಾಗಲೀ ಜೀವಾಮೃತಕ್ಕೆ ಹಾಕುವ ದ್ವಿದಳ ಧಾನ್ಯದ ಹಿಟ್ಟಿನಲ್ಲಾಗಲೀ ಅದು ಅಲ್ಪ ಪ್ರಮಾಣದಲ್ಲಿ, ಅದೂ ಪ್ರೋಟೀನಿನೊಳಗೆ ಸೇರಿಕೊಂಡು ಇರುತ್ತದೆ. ಪ್ರಯೋಗಾಲಯದಲ್ಲಿ ಶುದ್ಧ ಟ್ರಿಪ್ಟೋಫ್ಯಾನ್ ಸೇರಿಸಿ ಪಡೆದ ಹಾರ್ಮೋನಿನ ಅಂಕಿಯನ್ನು ಕೇವಲ ಹಿಂಡಿ ಹಾಕಿದ ಡ್ರಮ್ಮಿಗೆ ಅನ್ವಯಿಸಿ ಮಾರುವವರನ್ನು ನಾನಂತೂ ನಂಬುವುದಿಲ್ಲ.

ಅಳತೆಯಲ್ಲಿಯೂ ಎಚ್ಚರ ಬೇಕು. ಸಾಲ್ಕೋವ್ಸ್ಕಿ ದ್ರಾವಣ ಬೆರೆಸಿದಾಗ ಹಾರ್ಮೋನಿದ್ದರೆ ಗುಲಾಬಿ ಬಣ್ಣ ಮೂಡುತ್ತದೆ. ಆದರೆ ಕಾಕಂಬಿಯ ಕಂದು ಬಣ್ಣವೂ ಆ ಅಳತೆಯಲ್ಲಿ ಸೇರಿಬಿಡುವುದರಿಂದ, ಬ್ಯಾಕ್ಟೀರಿಯಾ ಹಾಕದ ಅದೇ ಕಾಕಂಬಿ ನೀರನ್ನು ಪಕ್ಕದಲ್ಲಿಟ್ಟು ಅದರ ಬಣ್ಣದ ಅಳತೆಯನ್ನು ಕಳೆಯಲೇಬೇಕು. ಇತರ ಕೆಲವು ಇಂಡೋಲ್ ಸಂಯುಕ್ತಗಳೂ ಇದೇ ದ್ರಾವಣದೊಡನೆ ಬಣ್ಣ ಕೊಡುತ್ತವೆಯಾದ್ದರಿಂದ, ಅಸಾಧಾರಣ ಅಂಕಿ ಬಂದಾಗ ಸಂಯುಕ್ತಗಳನ್ನು ಬೇರ್ಪಡಿಸಿ ಅಳೆಯುವ ಎಚ್‌ಪಿಎಲ್‌ಸಿ ಪರೀಕ್ಷೆ ಮಾಡಿಸುವುದು ಒಳ್ಳೆಯದು.

ಹಾರ್ಮೋನು ಹೆಚ್ಚಿದಷ್ಟೂ ಲಾಭವೆಂಬ ಲೆಕ್ಕ ಬೇರಿನ ಮಟ್ಟಿಗೆ ನಡೆಯದು. ಹಿತಮಿತವಾಗಿದ್ದರೆ ಪಕ್ಕಬೇರು, ರೋಮಬೇರುಗಳು ಹೆಚ್ಚುತ್ತವೆ. ಮಿತಿ ಮೀರಿದರೆ ತಾಯಿಬೇರು ಮೊಟಕಾಗುತ್ತದೆ. ಬೇರು ತಾನೇ ಸ್ವಲ್ಪ ಟ್ರಿಪ್ಟೋಫ್ಯಾನನ್ನು ಹೊರಬಿಡುವುದರಿಂದ, ಅಲ್ಲಿ ನೆಲೆಯೂರಿದ ಜೀವಂತ ಕೋಶಗಳು ಸ್ಥಳದಲ್ಲಿಯೇ ಹಾರ್ಮೋನು ತಯಾರಿಸಬಲ್ಲವು. ಆದ್ದರಿಂದ ರೈತರ ಮಟ್ಟಿಗೆ ಹಾರ್ಮೋನನ್ನು ಬೇರ್ಪಡಿಸುವ ಖರ್ಚು ವ್ಯರ್ಥವೆಂದೇ ನನ್ನ ಅಭಿಪ್ರಾಯ. 121 ಡಿಗ್ರಿ ಸೆಲ್ಸಿಯಸ್‌ನ ಒತ್ತಡದ ಹಬೆಯಲ್ಲಿ ಶುದ್ಧಿಗೊಳಿಸಿದ ಪೋಷಕ ದ್ರಾವಣದಲ್ಲಿ ಬೆಳೆಸಿದ ಕಲ್ಚರನ್ನು ಬೇರೆ ಬೇರೆ ಪ್ರಮಾಣದಲ್ಲಿ ನೀರಿಗೆ ಬೆರೆಸಿ, ರಾಗಿ ಬೀಜಗಳನ್ನು ಅದರಲ್ಲಿ ನೆನೆಸಿ ಒದ್ದೆ ಬಟ್ಟೆಯಲ್ಲಿ ಮೊಳಕೆ ಬರಿಸಿದರೆ, ಬರೀ ನೀರಿನಲ್ಲಿ ನೆನೆಸಿದ ಬೀಜಗಳ ಬೇರಿಗೆ ಹೋಲಿಸಿ ಯಾವ ಪ್ರಮಾಣ ಹಿತವೆಂದು ಕೆಲವೇ ದಿನಗಳಲ್ಲಿ ತಿಳಿಯಬಹುದು.