ಇಂಟೇಕ್ ಮ್ಯಾನಿಫೋಲ್ಡ್‌ಗೆ ಥರ್ಮಲ್ ಗ್ಯಾಸ್ಕೆಟ್ ಹಾಕಿಸಿದರೆ ಎಂಜಿನ್‌ಗೆ ತಣ್ಣನೆ ಗಾಳಿ ಸಿಗುತ್ತಾ?

ಓದುಗರ ಪ್ರಶ್ನೆ: ನನ್ನ ಕಾರಿನ ಇಂಟೇಕ್ ಮ್ಯಾನಿಫೋಲ್ಡ್ ಅಲ್ಯೂಮಿನಿಯಂನದು. ಬೇಸಿಗೆ ಟ್ರಾಫಿಕ್‌ನಲ್ಲಿ ಸಿಕ್ಕಿಕೊಂಡು ಹೊರಬಂದ ಮೇಲೆ ಪಿಕಪ್ಪೇ ಇರಲ್ಲ. ಶಾಖ ತಡೆಯುವ ಗ್ಯಾಸ್ಕೆಟ್ ಹಾಕಿಸಿದರೆ ಒಳಗೆ ಹೋಗುವ ಗಾಳಿ ನಿಜವಾಗಲೂ ತಣ್ಣಗಾಗುತ್ತಾ?

ಉತ್ತರ: ಇಂಟೇಕ್ ಮ್ಯಾನಿಫೋಲ್ಡ್ ಅಂದರೆ ಸಿಲಿಂಡರ್‌ಗಳಿಗೆ ಗಾಳಿ ಹಂಚುವ ಕೊಳವೆಗಳ ಜೋಡಣೆ. ಅದು ಎಂಜಿನ್‌ಗೆ ಕೂರುವ ಸಂದಿಯನ್ನು ಮುಚ್ಚುವ ಪಟ್ಟಿಯೇ ಗ್ಯಾಸ್ಕೆಟ್. ಶಾಖ ತಡೆಯುವ ಗ್ಯಾಸ್ಕೆಟ್ ಹಾಕಿಸಿದರೆ ಮ್ಯಾನಿಫೋಲ್ಡ್ ತಣ್ಣಗಾಗುತ್ತದೆ, ಅದರಲ್ಲಿ ಅನುಮಾನ ಬೇಡ. ಗಾಳಿಯೂ ತಣ್ಣಗಾಗುತ್ತದೆ, ಆದರೆ ಅದರ ಲೆಕ್ಕ ಬೇರೆ. ಗ್ಯಾಸ್ಕೆಟ್ ಹಾಕಿಸಿದವರು ಬಾನೆಟ್ ಎತ್ತಿ ಮ್ಯಾನಿಫೋಲ್ಡ್ ಮುಟ್ಟಿ ನೋಡುತ್ತಾರೆ. ಮೊದಲು ಸುಡುತ್ತಿದ್ದದ್ದು ಈಗ ಕೈ ಇಡುವಷ್ಟಿದೆ ಅಂತ ಖುಷಿಪಡುತ್ತಾರೆ. ಕೈಗೆ ತಾಗಿದ್ದು ಲೋಹದ ಬಿಸಿ. ಸಿಲಿಂಡರ್ ಒಳಗೆ ಹೋಗುವುದು ಗಾಳಿ.

ಮೊದಲು ಶಾಖ ಬರುವ ದಾರಿ ನೋಡೋಣ. ಎಂಜಿನ್ ಬಿಸಿಯಾದ ಮೇಲೆ ಹೆಡ್‌ನಲ್ಲಿ (ಸಿಲಿಂಡರ್‌ಗಳ ಮೇಲೆ ಮುಚ್ಚಳದಂತೆ ಕೂರುವ ಭಾಗ) ಓಡುವ ಕೂಲೆಂಟ್, ಅಂದರೆ ಎಂಜಿನ್ ತಣಿಸುವ ದ್ರವ, ಸುಮಾರು 90 ಡಿಗ್ರಿ ಸೆಲ್ಸಿಯಸ್ ಇರುತ್ತದೆ. ಅಲ್ಯೂಮಿನಿಯಂ ಹೆಡ್‌ಗೆ ಅಲ್ಯೂಮಿನಿಯಂ ಮ್ಯಾನಿಫೋಲ್ಡ್ ಬಿಗಿದಿದ್ದರೆ ಆ ಶಾಖ ಸಲೀಸಾಗಿ ದಾಟುತ್ತದೆ. ನಡುವೆ ಫೀನಾಲಿಕ್ ಎಂಬ ಗಟ್ಟಿ ಪ್ಲಾಸ್ಟಿಕ್‌ನಂಥ ವಸ್ತು ಇಟ್ಟರೆ ದಾಟುವುದು ಕಷ್ಟ, ಏಕೆಂದರೆ ಅದು ಅಲ್ಯೂಮಿನಿಯಂಗಿಂತ ನೂರಾರು ಪಟ್ಟು ಕಡಿಮೆ ಶಾಖ ಸಾಗಿಸುತ್ತದೆ. ಹೋಂಡಾದ ಬಿ ಮತ್ತು ಕೆ ಸೀರೀಸ್ ಎಂಜಿನ್‌ಗಳಿಗೆ ಅಮೆರಿಕದ ಹೊಂಡಾಟಾ ಕಂಪನಿ ಮಾರುವ ಹೀಟ್‌ಶೀಲ್ಡ್ ಗ್ಯಾಸ್ಕೆಟ್ ಈ ಬಗೆಯ ಪ್ಲಾಸ್ಟಿಕ್ ಗ್ಯಾಸ್ಕೆಟ್‌ಗಳಲ್ಲಿ ತುಂಬಾ ಹೆಸರಾದದ್ದು. ಉಪಾಯ ಮಾತ್ರ ಹೊಸದಲ್ಲ. ಕಾರ್ಬುರೇಟರ್ (ಗಾಳಿಗೆ ಪೆಟ್ರೋಲ್ ಬೆರೆಸುತ್ತಿದ್ದ ಹಳೆಯ ಸಾಧನ) ಕಾಲದ ಮೆಕ್ಯಾನಿಕ್‌ಗಳನ್ನು ಕೇಳಿ, ಕಾರ್ಬುರೇಟರ್ ಕೆಳಗಿನ ಕಪ್ಪು ಬೇಕಲೈಟ್ ತುಂಡು ಅವರಿಗೆ ಚೆನ್ನಾಗಿ ಗೊತ್ತು. ಬೇಕಲೈಟ್ ಕೂಡ ಫೀನಾಲಿಕ್ ಜಾತಿಯದೇ. ಆದರೆ ಅದನ್ನು ಇಡುತ್ತಿದ್ದದ್ದು ಮುಖ್ಯವಾಗಿ ಕಾರ್ಬುರೇಟರ್ ಬಟ್ಟಲಿನಲ್ಲಿರುವ ಪೆಟ್ರೋಲ್ ಕುದಿಯಬಾರದು ಅಂತ, ಪವರ್‌ಗಲ್ಲ.

ಒಂದು ಸಣ್ಣ ವಿಷಯವನ್ನು ಜಾಸ್ತಿ ಜನ ಮರೆಯುತ್ತಾರೆ. ಗ್ಯಾಸ್ಕೆಟ್ ಎಷ್ಟೇ ಒಳ್ಳೆಯದಿರಲಿ, ಮ್ಯಾನಿಫೋಲ್ಡನ್ನು ಹಿಡಿದಿರುವ ಸ್ಟಡ್‌ಗಳು ಸ್ಟೀಲಿನವು. ಹೆಡ್‌ನಲ್ಲಿ ಕೂತ ಸ್ಟಡ್, ಅದರ ನಟ್, ವಾಷರ್, ಆಮೇಲೆ ಮ್ಯಾನಿಫೋಲ್ಡ್ ಫ್ಲ್ಯಾಂಜ್ (ಹೆಡ್‌ಗೆ ಕೂರುವ ಅದರ ಅಂಚು): ಶಾಖ ಈ ದಾರಿ ಹಿಡಿದು ಗ್ಯಾಸ್ಕೆಟ್ ತಪ್ಪಿಸಿಕೊಂಡು ಬರುತ್ತದೆ. ಎಷ್ಟೋ ಕಾರುಗಳಲ್ಲಿ ಥ್ರಾಟಲ್ ಬಾಡಿಗೆ (ಒಳಬರುವ ಗಾಳಿಯನ್ನು ಹೆಚ್ಚುಕಡಿಮೆ ಮಾಡುವ ಕವಾಟ) ಬಿಸಿ ಕೂಲೆಂಟ್ ಹೋಸ್ ಕೂಡ ಬಂದಿರುತ್ತದೆ. ಇನ್ನು ರೇಡಿಯೇಟರ್ ದಾಟಿ ಬಂದ ಬಿಸಿಗಾಳಿ ಬಾನೆಟ್ ಕೆಳಗೆ ತುಂಬಿದಾಗ ಮ್ಯಾನಿಫೋಲ್ಡ್ ಹೊರಗಿನಿಂದಲೇ ಕಾಯುತ್ತದೆ. ಅದಕ್ಕೆ ಗ್ಯಾಸ್ಕೆಟ್ ಏನೂ ಮಾಡಲಾರದು.

ಈಗ ಗಾಳಿಗೆ ಬರೋಣ. 1.6 ಲೀಟರ್‌ನ ನಾಲ್ಕು ಸಿಲಿಂಡರ್ ಎಂಜಿನ್ 6000 ಆರ್‌ಪಿಎಂನಲ್ಲಿ ಫುಲ್ ಥ್ರಾಟಲ್ ಓಡುವಾಗ ಸೆಕೆಂಡಿಗೆ ಸುಮಾರು 80 ಲೀಟರ್ ಗಾಳಿ ಎಳೆಯುತ್ತದೆ. ಅದೇ ಎಂಜಿನ್ ಐಡಲ್‌ನಲ್ಲಿ, ಅಂದರೆ ಆಕ್ಸಿಲರೇಟರ್ ಒತ್ತದೆ ಸುಮ್ಮನೆ ಓಡುವಾಗ, ಎಳೆಯುವುದು ಸೆಕೆಂಡಿಗೆ ನಾಲ್ಕು ಲೀಟರ್ ಆಸುಪಾಸು. ವೇಗ ಜಾಸ್ತಿಯಾದಾಗ ಗಾಳಿ ಗೋಡೆಗೆ ಚೆನ್ನಾಗಿ ಉಜ್ಜಿ ಹೆಚ್ಚು ಶಾಖ ಎಳೆದುಕೊಳ್ಳುತ್ತದೆ, ನಿಜ. ಆದರೆ ಆ ಶಾಖ ಇಪ್ಪತ್ತು ಪಟ್ಟು ಗಾಳಿಗೆ ಹಂಚಿಹೋಗುತ್ತದೆ.

ಒಂದು ಅಡಿ ಉದ್ದ, ನಾಲ್ಕೂವರೆ ಸೆಂಟಿಮೀಟರ್ ಅಗಲದ ರನ್ನರ್ (ಮ್ಯಾನಿಫೋಲ್ಡ್‌ನಲ್ಲಿ ಒಂದೊಂದು ಸಿಲಿಂಡರ್‌ಗೆ ಹೋಗುವ ಕೊಳವೆ) ಇಟ್ಟುಕೊಂಡು ನಾನು ಲೆಕ್ಕ ಹಾಕಿದೆ. ಫುಲ್ ಥ್ರಾಟಲ್‌ನಲ್ಲಿ ಗಾಳಿ ಬಿಸಿಯಾಗುವುದು ಗೋಡೆಗೂ ಅದಕ್ಕೂ ಇರುವ ಅಂತರದ ಹತ್ತನೇ ಒಂದು ಭಾಗದಷ್ಟು. ಗಾಳಿ 40 ಡಿಗ್ರಿ, ಗೋಡೆ 75 ಇದ್ದರೆ ಗಾಳಿ ಮೂರೂವರೆ ಡಿಗ್ರಿ ಏರುತ್ತದೆ. ಗ್ಯಾಸ್ಕೆಟ್ ಹಾಕಿ ಗೋಡೆಯನ್ನು 55ಕ್ಕೆ ಇಳಿಸಿದಿರಿ ಅಂದುಕೊಳ್ಳಿ. ಆಗ ಒಂದೂವರೆ ಡಿಗ್ರಿ ಏರುತ್ತದೆ. ಲೋಹ 20 ಡಿಗ್ರಿ ಇಳಿಯಿತು, ಗಾಳಿ ಇಳಿದದ್ದು ಎರಡೇ ಡಿಗ್ರಿ! ಆ ಎರಡು ಡಿಗ್ರಿಗೆ ಗಾಳಿಯ ಸಾಂದ್ರತೆ ಹೆಚ್ಚುವುದು ಶೇಕಡಾ 0.6ರಷ್ಟು. 160 ಎಚ್‌ಪಿ ಎಂಜಿನ್‌ನಲ್ಲಿ ಹೆಚ್ಚೆಂದರೆ ಒಂದು ಎಚ್‌ಪಿ. ಓಡಿಸುವವರಿಗೆ ಅದು ಗೊತ್ತೇ ಆಗುವುದಿಲ್ಲ.

ಐಡಲ್‌ನಲ್ಲಿ ಚಿತ್ರ ಬದಲಾಗುತ್ತದೆ. ಗಾಳಿ ನಿಧಾನವಾಗಿ ತೆವಳುವುದರಿಂದ ಅಂತರದ ಮೂರನೇ ಒಂದು ಭಾಗದಿಂದ ಅರ್ಧದವರೆಗೂ ಬಿಸಿಯಾಗಬಹುದು. ಅಲ್ಲಿ ಅದೇ ಗ್ಯಾಸ್ಕೆಟ್ ಏಳೆಂಟು ಡಿಗ್ರಿ ಉಳಿಸೀತು. ಟ್ರಾಫಿಕ್ ಬಿಟ್ಟು ಆಕ್ಸಿಲರೇಟರ್ ಒತ್ತಿದ ಮೊದಲ ಗಳಿಗೆಯಲ್ಲಿ, ಕಾರು ನಿಲ್ಲಿಸಿ ಚಹಾ ಕುಡಿದು ಬಂದು ಮತ್ತೆ ಸ್ಟಾರ್ಟ್ ಮಾಡಿದಾಗ ಇದರ ಉಪಯೋಗ ಕಾಣಬಹುದು. ಗಾಳಿ ಬಿಸಿ ಅಂತ ಕಂಡರೆ ಇಸಿಯು (ಎಂಜಿನ್ ನಿಯಂತ್ರಿಸುವ ಕಂಪ್ಯೂಟರ್) ನಾಕಿಂಗ್, ಅಂದರೆ ಇಂಧನ ಹತೋಟಿ ತಪ್ಪಿ ಉರಿದು ಬಡಿಯುವುದು, ಆಗದಿರಲಿ ಅಂತ ಇಗ್ನಿಷನ್ ಟೈಮಿಂಗನ್ನು (ಕಿಡಿ ಹಾರುವ ಹೊತ್ತನ್ನು) ಹಿಂದಕ್ಕೆ ಎಳೆಯುತ್ತದೆ. ನೀವು ಹೇಳುವ ಸತ್ತ ಪಿಕಪ್‌ಗೆ ಅದೂ ಒಂದು ಕಾರಣ, ಎಸಿ ಹೊರೆ ಇನ್ನೊಂದು. ಆದರೆ ಸುಡುಬಿಸಿಲಲ್ಲಿ ತಾಸುಗಟ್ಟಲೆ ತೆವಳಿದರೆ ಮ್ಯಾನಿಫೋಲ್ಡ್ ಹೊರಗಿನ ಬಿಸಿಗೇ ಕಾದು ಈ ಲಾಭವೂ ಕರಗುತ್ತದೆ. ರಾಯಚೂರಿನಲ್ಲಿ ಹೊರಗೆ 42 ಡಿಗ್ರಿ ಇದ್ದರೆ ಯಾವ ಗ್ಯಾಸ್ಕೆಟ್ಟೂ ಗಾಳಿಯನ್ನು 42ಕ್ಕಿಂತ ಕೆಳಗಿಳಿಸದು.

ಅಳೆದು ನೋಡುವ ಆಸೆ ಇದ್ದರೆ ಒಂದು ಎಚ್ಚರಿಕೆ. ಒಬಿಡಿ ಡಾಂಗಲ್ (ಕಾರಿನ ಸೆನ್ಸರ್‌ಗಳ ಅಂಕಿಯನ್ನು ಮೊಬೈಲ್‌ಗೆ ಕಳಿಸುವ ಪುಟ್ಟ ಸಾಧನ) ಹಾಕಿ ಮೊಬೈಲ್‌ನಲ್ಲಿ ಇಂಟೇಕ್ ಏರ್ ಟೆಂಪರೇಚರ್ ನೋಡುವ ಮೊದಲು ಆ ಸೆನ್ಸರ್ ಎಲ್ಲಿದೆ ಅಂತ ಹುಡುಕಿ. ತುಂಬಾ ಕಾರುಗಳಲ್ಲಿ ಅದು ಏರ್ ಫಿಲ್ಟರ್ ಪಕ್ಕದಲ್ಲೇ, ಥ್ರಾಟಲ್‌ಗೂ ಮೊದಲೇ ಇರುತ್ತದೆ. ಗಾಳಿ ಇನ್ನೂ ಮ್ಯಾನಿಫೋಲ್ಡ್ ಮುಟ್ಟಿರದ ಜಾಗದಲ್ಲಿ ಅಳೆದರೆ ಗ್ಯಾಸ್ಕೆಟ್‌ನ ಗುಣವೂ ಕಾಣದು, ದೋಷವೂ ಕಾಣದು. ಸೆನ್ಸರ್ ಮ್ಯಾನಿಫೋಲ್ಡ್ ಮೇಲೇ ಕೂತಿದ್ದರೆ ಇನ್ನೊಂದು ತೊಂದರೆ: ನಿಂತ ಕಾರಿನಲ್ಲಿ ಸೆನ್ಸರೇ ಲೋಹದ ಜೊತೆ ಕಾದು ಗಾಳಿಯ ಉಷ್ಣತೆಯನ್ನು ಜಾಸ್ತಿ ತೋರಿಸುತ್ತದೆ. ಹಾಗಾಗಿ ಐಡಲ್‌ನ ಅಂಕಿ ನಂಬಬೇಡಿ. ಒಂದೇ ರಸ್ತೆ, ಒಂದೇ ಹೊತ್ತು, ಒಂದೇ ವೇಗದಲ್ಲಿ ಹತ್ತು ನಿಮಿಷ ಓಡಿಸಿ, ಹೊರಗಿನ ಉಷ್ಣತೆಗಿಂತ ಎಷ್ಟು ಜಾಸ್ತಿ ಇದೆ ಅಂತ ಹೋಲಿಸಿ.

ನಿಮ್ಮದು ಅಲ್ಯೂಮಿನಿಯಂ ಮ್ಯಾನಿಫೋಲ್ಡ್ ಆದ್ದರಿಂದ ಈ ಮಾತೆಲ್ಲ. ಈಗಿನ ಪೆಟ್ರೋಲ್ ಕಾರುಗಳಲ್ಲಿ ಬಹುತೇಕ ನೈಲಾನ್ ಮ್ಯಾನಿಫೋಲ್ಡೇ ಬರುತ್ತದೆ. ನೈಲಾನ್ ತಾನೇ ಶಾಖ ತಡೆಯುವುದರಿಂದ ಅದಕ್ಕೆ ಈ ಗ್ಯಾಸ್ಕೆಟ್ ಸುಮ್ನೆ ದಂಡ.

ನನ್ನನ್ನು ಕೇಳಿದರೆ ಮೊದಲ ದುಡ್ಡು ಬೇರೆ ಕಡೆ ಹಾಕಿ. ಏರ್ ಫಿಲ್ಟರ್‌ಗೆ ಗ್ರಿಲ್ ಹತ್ತಿರದಿಂದ ಗಾಳಿ ತರುವ ಪೈಪ್ ಹರಿದಿದೆಯಾ, ಕಳಚಿದೆಯಾ ನೋಡಿ. ಎಂಜಿನ್ ಪಕ್ಕದ 60 ಡಿಗ್ರಿ ಗಾಳಿ ಬದಲು ಹೊರಗಿನ 35 ಡಿಗ್ರಿ ಗಾಳಿ ಬಂದರೆ ಉಳಿಯುವುದು 25 ಡಿಗ್ರಿ. ಆಮೇಲೆ ಹೇಗೂ ಮ್ಯಾನಿಫೋಲ್ಡ್ ಬಿಚ್ಚುವ ಕೆಲಸ ಬಂದಾಗ ಥರ್ಮಲ್ ಗ್ಯಾಸ್ಕೆಟ್ ಹಾಕಿಸಿಕೊಳ್ಳಿ, ತಪ್ಪೇನಿಲ್ಲ. ತೆಳುವಾದದ್ದೇ ಇರಲಿ. ದಪ್ಪ ಸ್ಪೇಸರ್ ಹಾಕಿದರೆ ಉದ್ದನೆ ಸ್ಟಡ್ ಬೇಕು, ಬ್ರ್ಯಾಕೆಟ್ ಕೂರದು, ಬಾನೆಟ್‌ಗೂ ತಗುಲಬಹುದು. ಎಂಜಿನ್ ಕೆಲವು ಸಲ ಬಿಸಿಯಾಗಿ ಆರಿದ ಮೇಲೆ ನಟ್‌ಗಳನ್ನು ಟಾರ್ಕ್ ರೆಂಚ್‌ನಲ್ಲಿ ಇನ್ನೊಮ್ಮೆ ಪರೀಕ್ಷಿಸಲು ಹೇಳಿ. ಪ್ಲಾಸ್ಟಿಕ್ ಗ್ಯಾಸ್ಕೆಟ್ ಒತ್ತಡಕ್ಕೆ ಸ್ವಲ್ಪ ಕೂರುತ್ತದೆ. ನಟ್ ಸಡಿಲವಾದರೆ ಸಂದಿಯಲ್ಲಿ ಗಾಳಿ ಎಳೆದು ಐಡಲ್ ಏರಿಳಿಯತೊಡಗುತ್ತದೆ.